ಸೇವಾ ಪುಸ್ತಕ ಯಾರ ಕೈಯಲ್ಲಿ?

ಸರ್ಕಾರಿ ನೌಕರಿಗೆ ಸೇರಿದ ದಿನದಿಂದ ಪಿಂಚಣಿ ಪಡೆಯುವ ದಿನದವರೆಗೆ ಒಬ್ಬ ವ್ಯಕ್ತಿಯ ಬೆನ್ನಿಗೇ ನಡೆದು ಬರುವ ಪುಸ್ತಕವೊಂದಿದೆ. ಅದರ ಹೆಸರು ಸೇವಾ ಪುಸ್ತಕ. ಕಚೇರಿಯ ಮಾತಿನಲ್ಲಿ ಎಸ್.ಆರ್., ಕೆಲವೆಡೆ ಸೇವಾ ವಹಿ. ಹುಟ್ಟಿದ ದಿನ, ಓದಿದ ಪರೀಕ್ಷೆ, ಸೇರಿದ ತಾರೀಖು, ಪಡೆದ ರಜೆ, ಏರಿದ ಸಂಬಳ, ತಪ್ಪಿದ ಬಡ್ತಿ ಎಲ್ಲವೂ ಅದರಲ್ಲಿ ದಾಖಲಾಗುತ್ತವೆ. ವಿಚಿತ್ರವೆಂದರೆ, ಪುಸ್ತಕ ಯಾರದೋ ಅವರ ಬಳಿ ಅದು ಇರುವುದಿಲ್ಲ. ಮುರ್ಡೇಶ್ವರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುವ ಶಿಕ್ಷಕಿಯ ಸೇವಾ ಪುಸ್ತಕ ಇರುವುದು ತಾಲ್ಲೂಕು ಕೇಂದ್ರವಾದ ಭಟ್ಕಳದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ. ಜಿಲ್ಲಾ ಕೇಂದ್ರ ಕಾರವಾರ. ನಿಯಮ ರೂಪಿಸುವುದು ಬೆಂಗಳೂರು.

ಈಗ ಆ ಪುಸ್ತಕ ಬೀರುವಿನಿಂದ ಹೊರಬಿದ್ದು ಕಂಪ್ಯೂಟರನ್ನು ಸೇರಿದೆ. ಕಂಪ್ಯೂಟರೂ ಕಚೇರಿಯ ಮೇಜಿನ ಮೇಲಿನದಲ್ಲ, ದೂರದಲ್ಲೆಲ್ಲೋ ಇರುವ ಸರ್ವರು. ಖಾಸಗಿ ಕಂಪನಿಗಳಲ್ಲಿ ಇದಕ್ಕೆ ಕ್ಲೌಡ್ ಆಧಾರಿತ ಮಾನವ ಸಂಪನ್ಮೂಲ ವ್ಯವಸ್ಥೆ ಎಂಬ ದೊಡ್ಡ ಹೆಸರಿದೆ. ಇದು ಅಮೆರಿಕದಿಂದ ಬಂದಿಳಿದ ಹೊಸ ಸರಕು ಎಂದು ಭಾವಿಸುವವರೇ ಹೆಚ್ಚು. ಆದರೆ ದುಡಿಯುವವನ ಲೆಕ್ಕವನ್ನು ಯಾರು ಬರೆಯಬೇಕು, ಯಾರು ಇಟ್ಟುಕೊಳ್ಳಬೇಕು, ಯಾರು ನೋಡಬಹುದು ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ದೀರ್ಘ ಇತಿಹಾಸವಿದೆ. ಅದರ ಒಂದು ಮುಖ್ಯ ಎಳೆ ಭಟ್ಕಳ, ಹೊನ್ನಾವರ, ಕುಮಟಾಗಳ ಈ ಕರಾವಳಿಯಲ್ಲೇ ಹಾದುಹೋಗುತ್ತದೆ.

ಕಡತ ಎಂಬ ಮಾತು

ಇಂದು ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಗಟ್ಟಿ ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಬಳಪದಿಂದ ಬರೆದರೆ ಅಕ್ಷರ ಬೆಳ್ಳಗೆ ಮೂಡುತ್ತಿತ್ತು. ಬೇಕೆಂದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಶ್ಯಾನುಭೋಗರ ಮನೆಯಲ್ಲಿ ತಲೆಮಾರುಗಳ ಕಾಲ ಉಳಿದು ಬಂದ ಈ ಕಡತಗಳೇ ಊರಿನ ಭೂಮಿ, ಕಂದಾಯಗಳ ಲೆಕ್ಕ.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಕೆನರಾ ಸೀಮೆ ಬ್ರಿಟಿಷರ ಕೈಸೇರಿತು. ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಈ ಸೀಮೆಯ ಕಂದಾಯ ಎಷ್ಟು ಎಂದು ನಿರ್ಧರಿಸಲು ಅವನೂ ಶ್ಯಾನುಭೋಗರ ಹಳೆಯ ಲೆಕ್ಕಪುಸ್ತಕಗಳನ್ನೇ ಆಶ್ರಯಿಸಬೇಕಾಯಿತು. ರಾಜ್ಯ ಬದಲಾದರೂ ಲೆಕ್ಕ ಬರೆದವನ ಮಹತ್ವ ಕಡಿಮೆಯಾಗಲಿಲ್ಲ. ಪುಸ್ತಕ ಯಾರ ಮನೆಯಲ್ಲಿದೆಯೋ ಅವರ ಮಾತೇ ಪುರಾವೆ ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು. ವಂಶಪಾರಂಪರ್ಯ ಗ್ರಾಮಾಧಿಕಾರ ರಾಜ್ಯದಲ್ಲಿ ಕೊನೆಗೊಂಡದ್ದು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯಿಂದ. ಅದು ಜಾರಿಗೆ ಬಂದದ್ದು 1963ರ ಫೆಬ್ರುವರಿ 1ರಂದು.

ಹುಟ್ಟಿನಿಂದ ಬಂದ ಹುದ್ದೆಗೆ ಅರ್ಹತೆಯ ಪರೀಕ್ಷೆ ಇರಲಿಲ್ಲ, ವರ್ಗಾವಣೆಯೂ ಇರಲಿಲ್ಲ. ಆದ್ದರಿಂದ ನೌಕರನ ಬಗ್ಗೆ ಪ್ರತ್ಯೇಕ ದಾಖಲೆಯ ಅಗತ್ಯವೂ ಅಷ್ಟಾಗಿ ಕಾಣಲಿಲ್ಲ. ಸಂಬಳ, ಬಡ್ತಿ, ವರ್ಗ, ನಿವೃತ್ತಿಗಳುಳ್ಳ ಆಧುನಿಕ ನೌಕರಶಾಹಿ ಬೆಳೆದಂತೆ ಭೂಮಿಗೆ ಕಡತವಿದ್ದ ಹಾಗೆ ಮನುಷ್ಯನಿಗೂ ಒಂದು ಕಡತ ಹುಟ್ಟಿಕೊಂಡಿತು.

1891ರ ಎರಡು ಹೆಜ್ಜೆಗಳು

ಮೈಸೂರು ಸಂಸ್ಥಾನದಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1891ರಲ್ಲಿ, ಎರಡು ಮುಖ್ಯ ಘಟನೆಗಳು ನಡೆದವು. ಒಂದು, ಮೈಸೂರು ಸಿವಿಲ್ ಸರ್ವಿಸ್ ಸ್ಪರ್ಧಾತ್ಮಕ ಪರೀಕ್ಷೆಯ ಆರಂಭ. ಇನ್ನೊಂದು, ಸರ್ಕಾರಿ ನೌಕರರಿಗಾಗಿ ಜೀವವಿಮಾ ಯೋಜನೆ. ಮೊದಲನೆಯದು ಯಾರು ನೌಕರರಾಗಬಹುದು ಎಂಬುದನ್ನು ಅಂಕಗಳ ಲೆಕ್ಕಕ್ಕೆ ತಂದಿತು. ಎರಡನೆಯದು ನೌಕರನೊಬ್ಬ ತೀರಿಕೊಂಡರೆ ಅವನ ಸಂಸಾರಕ್ಕೆ ಏನು ಸಲ್ಲಬೇಕು ಎಂಬ ಲೆಕ್ಕ ಇಡತೊಡಗಿತು. ಆ ವಿಮಾ ಯೋಜನೆಯೇ ಮುಂದೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಯಿತು. ಅದು ಪ್ರತಿ ನೌಕರನಿಗೂ ಕೊಡುವ ಕೆಜಿಐಡಿ ಸಂಖ್ಯೆಗೆ ಈ ಕಥೆಯಲ್ಲಿ ಮುಂದೆ ಅನಿರೀಕ್ಷಿತ ಪಾತ್ರವೊಂದಿದೆ.

ಪರೀಕ್ಷೆ ಬಂದ ಮಾತ್ರಕ್ಕೆ ನ್ಯಾಯ ಬಂದಂತಾಗಲಿಲ್ಲ. ಶಾಲೆಯ ಮೆಟ್ಟಿಲು ಹತ್ತಲಾಗದವರಿಗೆ ಪರೀಕ್ಷೆಯ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಸರ್ಕಾರಿ ಹುದ್ದೆಗಳಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆ ಎಂದು ಎಣಿಸಿ ನೋಡಬೇಕೆಂಬ ಒತ್ತಾಯ ಹುಟ್ಟಿದ್ದು ಹೀಗೆ. 1918ರಲ್ಲಿ ನೇಮಕವಾದ ಸರ್ ಲೆಸ್ಲಿ ಮಿಲ್ಲರ್ ಸಮಿತಿ ಮರುವರ್ಷ ವರದಿ ಕೊಟ್ಟಿತು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡರಷ್ಟು ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂಬುದು ಅದರ ಶಿಫಾರಸು. ನೌಕರರ ಲೆಕ್ಕ ಇಡುವುದು ಕೇವಲ ಗುಮಾಸ್ತಿಕೆಯಲ್ಲ, ಅದು ಸಾಮಾಜಿಕ ನ್ಯಾಯದ ಪ್ರಶ್ನೆಯೂ ಹೌದು ಎಂಬುದು ಆ ವರದಿಯಿಂದ ಸ್ಪಷ್ಟವಾಯಿತು. ಇಂದು ಕಂಪನಿಗಳು ಪ್ರತಿಭಾ ನಿರ್ವಹಣೆ ಎಂದು ಕರೆಯುವ ವಿಷಯದ ಎರಡು ಮೂಲ ಪ್ರಶ್ನೆಗಳಾದ ಅರ್ಹತೆ ಯಾವುದು, ಅವಕಾಶ ಯಾರಿಗೆ ಎಂಬುವು ಮೈಸೂರಿನಲ್ಲಿ ನೂರು ವರ್ಷಗಳ ಹಿಂದೆಯೇ ಚರ್ಚೆಗೆ ಬಂದಿದ್ದವು.

ಮೂರು ಹೆಸರು, ಒಂದು ಕುರ್ಚಿ

ಮುರ್ಡೇಶ್ವರದ ಸೀಮೆಗೆ ಮಾತ್ರ ಮೈಸೂರಿನ ಈ ನಿಯಮಗಳು ಅನ್ವಯಿಸುತ್ತಿರಲಿಲ್ಲ. ಮದರಾಸು ಪ್ರಾಂತದಲ್ಲಿದ್ದ ಕೆನರಾದ ಉತ್ತರ ಭಾಗ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಂದಾಪುರ ಸೀಮೆ ಮದರಾಸಿನಲ್ಲೇ ಉಳಿಯಿತು. ಭಟ್ಕಳ ಆಗ ಹೊನ್ನಾವರ ತಾಲ್ಲೂಕಿಗೆ ಸೇರಿದ ಒಂದು ಪೇಟಾ. ಅಲ್ಲಿಂದ ದಕ್ಷಿಣಕ್ಕೆ ಕೆಲವು ಮೈಲಿ ನಡೆದು ಶಿರೂರು ತಲುಪಿದರೆ ಪ್ರಾಂತವೇ ಬೇರೆ. ಒಂದೇ ಕಡಲು, ಒಂದೇ ಭಾಷೆ. ಆದರೆ ಇತ್ತಲಿನ ಗುಮಾಸ್ತನಿಗೆ ಮುಂಬಯಿಯ ನಿಯಮ, ಅತ್ತಲಿನವನಿಗೆ ಮದರಾಸಿನ ನಿಯಮ. ಮುಂಬಯಿ ಕಡೆಯ ಕನ್ನಡ ಜಿಲ್ಲೆಗಳಲ್ಲಿ ಮುಲ್ಕಿ ಪರೀಕ್ಷೆ ಪಾಸಾದವರು ಮಾಸ್ತರರಾಗುತ್ತಿದ್ದರು. ಪ್ರಾಥಮಿಕ ಶಾಲೆಗಳು ಜಿಲ್ಲಾ ಶಾಲಾ ಮಂಡಳಿಗಳ ಆಡಳಿತದಲ್ಲಿದ್ದವು. ಹಳೆಯ ಮೈಸೂರಿನಲ್ಲಿ ಅವು ಬಹುಮಟ್ಟಿಗೆ ಸರ್ಕಾರದ ಕೈಯಲ್ಲೇ ಇದ್ದವು.

1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದವು. ಭಾಷಣಗಳಲ್ಲಿ ಏಕೀಕರಣ ಒಂದೇ ದಿನದಲ್ಲಿ ಮುಗಿಯಿತು. ಕಚೇರಿಗಳಲ್ಲಿ ಅದು ಮುಗಿಯಲು ದಶಕಗಳು ಬೇಕಾದವು. ಮೈಸೂರು, ಮುಂಬಯಿ, ಹೈದರಾಬಾದ್, ಮದರಾಸು, ಕೊಡಗು ಹೀಗೆ ಐದು ಆಡಳಿತಗಳಿಂದ ಬಂದ ನೌಕರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಬೇಕಿತ್ತು. ತಾಲ್ಲೂಕಿನ ಮುಖ್ಯಾಧಿಕಾರಿಯನ್ನು ಮುಂಬಯಿ ಕಡೆಯವರು ಮಾಮಲೇದಾರ ಎನ್ನುತ್ತಿದ್ದರು, ಮದರಾಸು ಕಡೆಯವರು ತಹಸೀಲ್ದಾರ, ಮೈಸೂರಿನವರು ಅಮಲ್ದಾರ. ಹೆಸರು ಮೂರಾದರೂ ಕುರ್ಚಿ ಒಂದೇ ಎನ್ನಬಹುದು. ಆದರೆ ಸಂಬಳ ಒಂದೇ ಆಗಿರಲಿಲ್ಲ, ಓದು ಒಂದೇ ಆಗಿರಲಿಲ್ಲ, ಬಡ್ತಿಗೆ ಕಾಯಬೇಕಾದ ವರ್ಷಗಳೂ ಒಂದೇ ಆಗಿರಲಿಲ್ಲ. ಹಾಗಾದರೆ ಯಾರು ಯಾರಿಗಿಂತ ಹಿರಿಯರು?

ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಕಲಮು ಇದಕ್ಕೊಂದು ದಾರಿ ಹಾಕಿಕೊಟ್ಟಿತು. ಹುದ್ದೆಯ ಕೆಲಸದ ಸ್ವರೂಪ, ಅದರ ಹೊಣೆ ಮತ್ತು ಅಧಿಕಾರ, ಬೇಕಾದ ಕನಿಷ್ಠ ವಿದ್ಯಾರ್ಹತೆ, ಸಂಬಳ ಈ ನಾಲ್ಕನ್ನು ತೂಗಿ ನೋಡಿ ಹುದ್ದೆಗಳನ್ನು ಸಮೀಕರಿಸಬೇಕು. ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಸೇವಾ ಷರತ್ತುಗಳನ್ನು ನೌಕರನಿಗೆ ನಷ್ಟವಾಗುವಂತೆ ಬದಲಿಸಬಾರದು ಎಂಬುದು ಅದರ ತಿರುಳು. ಜ್ಯೇಷ್ಠತಾ ಪಟ್ಟಿಗಳು ಸಿದ್ಧವಾದವು, ಆಕ್ಷೇಪಣೆಗಳು ಬಂದವು, ಪಟ್ಟಿಗಳು ಮತ್ತೆ ತಿದ್ದಲ್ಪಟ್ಟವು, ಮೊಕದ್ದಮೆಗಳು ನಡೆದವು. ಜಿಲ್ಲಾವಾರು ಪಟ್ಟಿಯಲ್ಲಿ ಮೇಲಿದ್ದ ಸ್ಯಾನಿಟರಿ ಇನ್ಸ್‌ಪೆಕ್ಟರುಗಳು ರಾಜ್ಯಮಟ್ಟದ ಪಟ್ಟಿಯಲ್ಲಿ ಬಹಳ ಕೆಳಗೆ ಬಿದ್ದ ಪ್ರಕರಣ 1967ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಬಡ್ತಿಗೆ ಪರಿಗಣಿತನಾಗುವುದು ನೌಕರನ ಹಕ್ಕು, ಆದರೆ ಬಡ್ತಿಯ ಸಂಭವ ಮಾತ್ರ ಹಕ್ಕಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಪಟ್ಟಿಯಲ್ಲಿನ ಒಂದು ಅಂಕಿ ಮನುಷ್ಯನ ಇಡೀ ಜೀವಮಾನದ ಗತಿಯನ್ನು ಹೇಗೆ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬೀರುವಿನ ಕಾಲ

1951ರಲ್ಲಿ ಸ್ಥಾಪನೆಯಾಗಿದ್ದ ಲೋಕಸೇವಾ ಆಯೋಗ, 1958ರ ಮೈಸೂರು ನಾಗರಿಕ ಸೇವಾ ನಿಯಮಾವಳಿ, ಇವು ಹೊಸ ರಾಜ್ಯದ ನೌಕರಿಗೆ ಒಂದು ಚೌಕಟ್ಟು ಒದಗಿಸಿದವು. ಸೇವಾ ಪುಸ್ತಕಕ್ಕೆ ಗಟ್ಟಿಯಾದ ಸ್ಥಾನ ಸಿಕ್ಕಿತು. ಮೊದಲ ಪುಟದಲ್ಲಿ ಹೆಸರು, ತಂದೆಯ ಹೆಸರು, ಊರು, ಎತ್ತರ, ಮೈಮೇಲಿನ ಗುರುತು, ಬೆರಳಚ್ಚು. ಮುಂದಿನ ಪುಟಗಳಲ್ಲಿ ವರ್ಷ ವರ್ಷದ ವೇತನ ಬಡ್ತಿ, ಗಳಿಕೆ ರಜೆಯ ಲೆಕ್ಕ, ಶಿಕ್ಷೆ, ಅಮಾನತು. ಪ್ರತಿ ನಮೂದಿನ ಪಕ್ಕ ಅಧಿಕಾರಿಯ ಸಹಿ.

ಇವುಗಳಲ್ಲಿ ಅತ್ಯಂತ ಬೆಲೆಬಾಳುವ ನಮೂದು ಜನ್ಮದಿನಾಂಕ. ಹಳ್ಳಿಯ ಶಾಲೆಗಳಲ್ಲಿ ಮಗುವನ್ನು ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ದರೆ ಮಾಸ್ತರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತರಾಗಬೇಕೆಂಬುದು ನಿಯಮವಾದ್ದರಿಂದ ಪ್ರತಿವರ್ಷ ಮೇ 31ರಂದು ಕಚೇರಿಗಳಲ್ಲಿ ಬೀಳ್ಕೊಡುಗೆಗಳ ಸಾಲು. ನಿವೃತ್ತಿಯ ಹೊಸ್ತಿಲಲ್ಲಿ ವಯಸ್ಸು ತಿದ್ದಿಸಿಕೊಳ್ಳುವ ಅರ್ಜಿಗಳನ್ನು ತಡೆಯಲೆಂದೇ 1974ರಲ್ಲಿ ರಾಜ್ಯ ನೌಕರರ ವಯೋನಿರ್ಧಾರ ಕಾಯ್ದೆ ಬಂದಿತು. ಸೇವಾ ಪುಸ್ತಕದಲ್ಲಿ ವಯಸ್ಸು ದಾಖಲಾದ ಮೂರು ವರ್ಷಗಳೊಳಗೆ ಅರ್ಜಿ ಕೊಡದಿದ್ದರೆ ಆಮೇಲೆ ಬದಲಾವಣೆಗೆ ಅವಕಾಶವಿಲ್ಲ. ಎಂದೋ ಒಬ್ಬ ಮಾಸ್ತರರು ಅಂದಾಜಿನಿಂದ ಬರೆದ ತಾರೀಖು ಹೀಗೆ ಅಳಿಸಲಾಗದ ಅಕ್ಷರವಾಯಿತು.

ಪುಸ್ತಕ ಬೀರುವಿನಲ್ಲಿದ್ದಾಗ ಬೀರುವಿನ ಕೀಲಿ ಇದ್ದವನೇ ದೊಡ್ಡವ. ವರ್ಗವಾಗಿ ಬಂದ ನೌಕರನಿಗೆ ಹಿಂದಿನ ಕಚೇರಿಯಿಂದ ಅಂತಿಮ ವೇತನ ಪ್ರಮಾಣಪತ್ರ ಬಾರದೆ ಹೊಸ ಕಚೇರಿಯಲ್ಲಿ ಸಂಬಳದ ಬಿಲ್ಲು ಆಗುತ್ತಿರಲಿಲ್ಲ. ವೇತನ ಬಡ್ತಿ ಮಂಜೂರಾಗಿದ್ದರೂ ಪುಸ್ತಕದಲ್ಲಿ ನಮೂದಾಗದಿದ್ದರೆ ಅದು ಆಗದ ಹಾಗೆಯೇ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯನ್ನು ನೌಕರರು ನೆನೆಯುತ್ತಿದ್ದುದು ವಿಷಯ ನಿರ್ವಾಹಕರ ಮೇಜಿನ ಮುಂದೆ. ಪುಸ್ತಕ ಮಳೆನೀರಿಗೆ ಸಿಕ್ಕರೆ, ಗೆದ್ದಲು ಹಿಡಿದರೆ, ಕಚೇರಿಯಿಂದ ಕಚೇರಿಗೆ ಹೋಗುವಾಗ ಕಾಣೆಯಾದರೆ ನಿವೃತ್ತನ ಪಿಂಚಣಿ ನಿಂತುಹೋಗುತ್ತಿತ್ತು. ಎಲ್ಲ ಗುಮಾಸ್ತರೂ ಕೆಟ್ಟವರೆಂದಲ್ಲ. ನೂರಾರು ಪುಸ್ತಕಗಳನ್ನು ಕೈಬರಹದಲ್ಲಿ ಅಚ್ಚುಕಟ್ಟಾಗಿ ಕಾಪಾಡಿದವರೂ ಇದೇ ಮೇಜುಗಳಲ್ಲಿ ಕುಳಿತಿದ್ದರು. ಆದರೆ ಕಾಪಾಡುವುದೂ ಕೆಡಿಸುವುದೂ ಒಬ್ಬನ ಇಚ್ಛೆಗೆ ಬಿಟ್ಟದ್ದಾದರೆ ಅದನ್ನು ವ್ಯವಸ್ಥೆ ಎನ್ನಲಾಗದು.

ವಿಮೆಯ ಸಂಖ್ಯೆ ಬೀಗದ ಕೈಯಾದದ್ದು

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಕರ್ನಾಟಕ ಎರಡು ದೊಡ್ಡ ದಾಖಲೆರಾಶಿಗಳಿಗೆ ಕೈಹಾಕಿತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದಾಯಿತು. ಖಜಾನೆ ಯೋಜನೆಯಲ್ಲಿ ರಾಜ್ಯದ ಖಜಾನೆಗಳು ಒಂದು ಜಾಲಕ್ಕೆ ಸೇರಿದವು. ಅದೇ ದಶಕದಲ್ಲಿ ಮೂರನೆಯ ಹೆಜ್ಜೆಯಾಗಿ ಬಂದದ್ದು ನೌಕರರ ಮಾನವ ಸಂಪನ್ಮೂಲ ನಿರ್ವಹಣಾ ವ್ಯವಸ್ಥೆ. ಕಚೇರಿಗಳಲ್ಲಿ ಎಲ್ಲರೂ ಅದನ್ನು ಎಚ್‌ಆರ್‌ಎಂಎಸ್ ಎಂದೇ ಕರೆಯುತ್ತಾರೆ. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯ ಇ-ಆಡಳಿತ ವಿಭಾಗ ರೂಪಿಸಿದ ಈ ವ್ಯವಸ್ಥೆಯಲ್ಲಿ 5 ಲಕ್ಷಕ್ಕೂ ಹೆಚ್ಚು ನೌಕರರ ಸಂಬಳದ ಬಿಲ್ಲುಗಳು ತಯಾರಾಗುತ್ತವೆ.

ಇಷ್ಟು ಜನರಲ್ಲಿ ಒಬ್ಬೊಬ್ಬರನ್ನೂ ಗುರುತಿಸುವುದು ಹೇಗೆ? ಒಂದೇ ಹೆಸರಿನ ಮಂಜುನಾಥರು, ನಾಗರತ್ನಮ್ಮರು ಎಷ್ಟು ಮಂದಿಯೋ! ಇಲ್ಲಿ ನೆರವಿಗೆ ಬಂದದ್ದು ವಿಮಾ ಇಲಾಖೆಯ ಸಂಖ್ಯೆ. ಕಡ್ಡಾಯ ಜೀವವಿಮೆಯಿಂದಾಗಿ ರಾಜ್ಯದ ಕಾಯಂ ನೌಕರರಿಗೆಲ್ಲ ಒಂದೊಂದು ಕೆಜಿಐಡಿ ಸಂಖ್ಯೆ ಮೊದಲೇ ಇತ್ತು. ವ್ಯವಸ್ಥೆಯಲ್ಲಿ ನೌಕರನನ್ನು ಗುರುತಿಸುವ ಬೀಗದ ಕೈ ಅದೇ ಆಯಿತು. 1891ರಲ್ಲಿ ನೌಕರನ ಸಾವಿನ ನಂತರದ ಲೆಕ್ಕಕ್ಕಾಗಿ ಹುಟ್ಟಿದ ಯೋಜನೆಯ ಸಂಖ್ಯೆ ಈಗ ಅವನ ಬದುಕಿನ ಪ್ರತಿ ತಿಂಗಳ ಲೆಕ್ಕಕ್ಕೆ ಗುರುತಾಗಿದೆ.

ಪರಿಣಾಮ ಸಣ್ಣದೇನಲ್ಲ. ಒಂದೇ ವ್ಯಕ್ತಿಗೆ ಎರಡು ಕಡೆ ಸಂಬಳ ಬರೆಯುವುದು ಕಷ್ಟವಾಯಿತು. ತುಟ್ಟಿಭತ್ಯೆಯ ದರ ಬದಲಾದರೆ ಪ್ರತಿ ಕಚೇರಿಯಲ್ಲಿ ಕೈಲೆಕ್ಕ ಹಾಕುವ ಗೋಜು ತಪ್ಪಿತು. ವೇತನಚೀಟಿಯನ್ನು ನೌಕರ ತಾನೇ ನೋಡಬಹುದಾಯಿತು. ಈಗ ವ್ಯವಸ್ಥೆಯ ಎರಡನೆಯ ಆವೃತ್ತಿ ಹಂತಹಂತವಾಗಿ ಬಳಕೆಗೆ ಬರುತ್ತಿದ್ದು, ಎಲೆಕ್ಟ್ರಾನಿಕ್ ಸೇವಾ ವಹಿಯೂ ಅದರ ಭಾಗ. ಆದರೂ ಒಂದು ಮಾತು ಮರೆಯಬಾರದು. ಕಂಪ್ಯೂಟರು ತನ್ನಷ್ಟಕ್ಕೆ ಏನನ್ನೂ ತಿಳಿಯದು. ಹಳೆಯ ಪುಸ್ತಕದಲ್ಲಿ ತಪ್ಪಾಗಿದ್ದ ತಾರೀಖು ಹೊಸ ಪರದೆಯಲ್ಲಿ ತಪ್ಪಾಗಿಯೇ ಮೂಡುತ್ತದೆ, ಅಚ್ಚಿನ ಅಕ್ಷರದ ಗಾಂಭೀರ್ಯದೊಂದಿಗೆ. ಬಳಪದ ಅಕ್ಷರವನ್ನು ಪ್ರಶ್ನಿಸುತ್ತಿದ್ದ ಜನ ಪರದೆಯ ಅಕ್ಷರವನ್ನು ಪ್ರಶ್ನಿಸಲು ಹಿಂಜರಿಯುತ್ತಾರೆ.

ಮೋಡವೆಂದರೇನು?

ಕ್ಲೌಡ್ ಎಂಬ ಮಾತನ್ನೂ ಇಲ್ಲಿ ಬಿಡಿಸಿ ನೋಡುವುದು ಒಳ್ಳೆಯದು. ಪ್ರತಿ ಮನೆಯೂ ತನ್ನದೇ ಬಾವಿ ತೋಡಿಕೊಳ್ಳುವ ಬದಲು ಒಂದು ದೊಡ್ಡ ಜಲಾಶಯದಿಂದ ಕೊಳವೆಯ ಮೂಲಕ ನೀರು ಪಡೆದು, ಬಳಸಿದಷ್ಟಕ್ಕೆ ಹಣ ಕೊಡುವಂತೆ, ಕಂಪ್ಯೂಟರಿನ ಶಕ್ತಿಯನ್ನು ಜಾಲದ ಮೂಲಕ ಬಾಡಿಗೆಗೆ ಪಡೆಯುವುದೇ ಕ್ಲೌಡ್. ಹೆಸರು ಮೋಡವಾದರೂ ಅದು ನೆಲದ ಮೇಲೆಯೇ ಇದೆ. ಬೀಗ ಹಾಕಿದ ತಂಪು ಕಟ್ಟಡಗಳಲ್ಲಿ ಸಾಲಾಗಿ ನಿಂತ ಯಂತ್ರಗಳಲ್ಲಿದೆ.

ಅಮೆರಿಕದಲ್ಲಿ 1987ರಲ್ಲಿ ಆರಂಭವಾದ ಪೀಪಲ್‌ಸಾಫ್ಟ್ ಕಂಪನಿ ನೌಕರರ ದಾಖಲೆಗಾಗಿಯೇ ತಂತ್ರಾಂಶ ಮಾರಿ ಹೆಸರಾಯಿತು. ಒರೇಕಲ್ ಅದನ್ನು ಕೊಂಡುಕೊಂಡಾಗ ಅದರ ಸ್ಥಾಪಕ ಡೇವ್ ಡಫೀಲ್ಡ್ ಹೊರಬಂದು ಅನೀಲ್ ಭುಸ್ರಿ ಜೊತೆಗೂಡಿ 2005ರಲ್ಲಿ ವರ್ಕ್‌ಡೇ ಕಟ್ಟಿದರು. ಅದು ಮೊದಲಿನಿಂದಲೇ ಬಾಡಿಗೆಯ ಮಾದರಿ. ಬೆಂಗಳೂರಿನಲ್ಲಿ 1994ರಲ್ಲೇ ಹುಟ್ಟಿದ ಗ್ರೇಟಿಪ್ ಸಂಬಳದ ಲೆಕ್ಕದ ತಂತ್ರಾಂಶದಿಂದ ಬೆಳೆಯಿತು. ಭಾರತ ಸರ್ಕಾರ 2014ರ ಹೊತ್ತಿಗೆ ತನ್ನ ಕ್ಲೌಡ್ ಯೋಜನೆಗೆ ಮೇಘರಾಜ್ ಎಂದು ಹೆಸರಿಟ್ಟಿತು.

ಸಣ್ಣ ಊರಿನ ಸಂಸ್ಥೆಗೆ ಇದರಿಂದ ಲಾಭವಿದೆ. ಹೊನ್ನಾವರದ ಒಂದು ಆಸ್ಪತ್ರೆಯೋ ಕುಮಟಾದ ಒಂದು ಸಹಕಾರಿ ಸಂಘವೋ ಸ್ವಂತ ಸರ್ವರು ಕೊಂಡು, ಅದನ್ನು ನೋಡಿಕೊಳ್ಳುವ ಎಂಜಿನಿಯರನ್ನು ನೇಮಿಸಿಕೊಳ್ಳಬೇಕಿಲ್ಲ. ಆದರೆ ಕೊಳವೆ ಒಡೆದರೆ ಜಲಾಶಯ ತುಂಬಿದ್ದೂ ಪ್ರಯೋಜನವಿಲ್ಲ. ಘಟ್ಟದ ಸೆರಗಿನ ಊರುಗಳಲ್ಲಿ ಜೂನ್, ಜುಲೈ ಮಳೆಗೆ ಮರ ಬಿದ್ದು ವಿದ್ಯುತ್ತೂ ಜಾಲವೂ ಹೋದಾಗ ಮೋಡದಲ್ಲಿರುವ ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದು ಹೇಗೆ? ಶಾಲೆಗೆ ಬಂದ ಶಿಕ್ಷಕನನ್ನು ಪರದೆ ಬಾರದವನೆಂದು ತೋರಿಸಿದರೆ ಸಾಕ್ಷಿ ಯಾರು?

ಶಿಫಾರಸಿನಿಂದ ಅಂಕಕ್ಕೆ

ಈ ವ್ಯವಸ್ಥೆಗಳ ಒಳಿತು ಕೆಡುಕುಗಳೆರಡೂ ಒಟ್ಟಿಗೆ ಕಾಣುವುದು ಶಿಕ್ಷಕರ ವರ್ಗಾವಣೆಯಲ್ಲಿ. ವರ್ಗಾವಣೆ ಬೇಕಾದವರು ಶಿಫಾರಸು ಪತ್ರ ಹಿಡಿದು ವಿಧಾನಸೌಧದ ಮೊಗಸಾಲೆಯಲ್ಲಿ ನಿಲ್ಲಬೇಕಾಗಿದ್ದ ಕಾಲವೊಂದಿತ್ತು. ಎಚ್.ಜಿ. ಗೋವಿಂದೇಗೌಡರು 1994ರಿಂದ 1999ರವರೆಗೆ ಶಿಕ್ಷಣ ಸಚಿವರಾಗಿದ್ದಾಗ ಅಂಕಗಳ ಆಧಾರದ ಮೇಲೆ ನಡೆದ ಶಿಕ್ಷಕರ ನೇಮಕವನ್ನು ಜನ ಇಂದಿಗೂ ನೆನೆಯುತ್ತಾರೆ. ಲಂಚವಿಲ್ಲದೆ ನೌಕರಿ ಸಿಕ್ಕಿತೆಂಬುದೇ ಅದಕ್ಕೆ ಕಾರಣ. ನೇಮಕಕ್ಕೆ ಬಂದ ಈ ಶಿಸ್ತು ವರ್ಗಾವಣೆಗೂ ಕಾನೂನಾಗಿ ಬಂದದ್ದು 2007ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಯಿಂದ. ಊರುಗಳು ಎ, ಬಿ, ಸಿ ಎಂದು ವಲಯಗಳಾದವು. ಎಲ್ಲಿ ಎಷ್ಟು ವರ್ಷ ದುಡಿದರು ಎಂಬ ಲೆಕ್ಕ, ಕೌನ್ಸೆಲಿಂಗ್, ತೆರೆದ ಪಟ್ಟಿ, ಇವು ಶಿಫಾರಸಿನ ಜಾಗಕ್ಕೆ ಬಂದವು. ಕಾಯಿಲೆಯವರು, ಅಂಗವಿಕಲರು, ವಿಧವೆಯರು, ಬೇರೆ ಬೇರೆ ಕಡೆ ಕೆಲಸ ಮಾಡುವ ಪತಿಪತ್ನಿಯರಿಗೆ ಆದ್ಯತೆ ಸಿಕ್ಕಿತು. ಘಟ್ಟದ ಕೆಳಗಿನ ಶಾಲೆಯೊಂದರಲ್ಲಿ ಹತ್ತು ವರ್ಷ ದುಡಿದವರಿಗೆ, ಯಾರ ಪರಿಚಯವೂ ಇಲ್ಲದೆ ತಾವು ಕೇಳಿದ ಊರು ಸಿಗಬಹುದೆಂಬ ಭರವಸೆ ಹುಟ್ಟಿತು.

2019ರ ಕಡ್ಡಾಯ ವರ್ಗಾವಣೆ ಇದರ ಇನ್ನೊಂದು ಮುಖ. ನಗರ ವಲಯದಲ್ಲಿ ಹತ್ತು ವರ್ಷ ಮೀರಿದವರು ಹೊರಗೆ ಹೋಗಬೇಕೆಂಬ ನಿಯಮ ಕಾಗದದ ಮೇಲೆ ಸರಿಯಾಗಿಯೇ ಇತ್ತು. ಆದರೆ ಹಲವರು ತಮ್ಮ ತಾಲ್ಲೂಕು, ಜಿಲ್ಲೆಗಳನ್ನೇ ಬಿಟ್ಟು ದೂರ ಹೋಗಬೇಕಾಯಿತು. ಮಕ್ಕಳನ್ನೂ ವೃದ್ಧ ತಂದೆತಾಯಿಯರನ್ನೂ ಬಿಟ್ಟು ಹೋದ ಶಿಕ್ಷಕಿಯರ ಅಳಲು ರಾಜ್ಯಕ್ಕೆಲ್ಲ ಕೇಳಿಸಿತು. 2020ರಲ್ಲಿ ಹೊಸ ಕಾಯ್ದೆ ತಂದು, ಹಾಗೆ ಹೋದವರಿಗೆ ಹಿಂದಿರುಗಲು ಅವಕಾಶ ಮಾಡಿಕೊಡಬೇಕಾಯಿತು. ಎಣಿಸುವುದು ಯಂತ್ರದ ಕೆಲಸ. ಯಾವುದನ್ನು ಎಣಿಸಬೇಕು ಎಂದು ತೀರ್ಮಾನಿಸುವುದು ಮನುಷ್ಯರ ಕೆಲಸ. ಯಂತ್ರ ಖಾಲಿ ಹುದ್ದೆಗಳನ್ನು ತೋರಿಸಬಲ್ಲದು, ತುಂಬಲಾರದು. 2024ರಲ್ಲಿ ರಾಜ್ಯದಲ್ಲಿ 2 ಲಕ್ಷಕ್ಕೂ ಮಿಕ್ಕಿ ಹುದ್ದೆಗಳು ಖಾಲಿಯಿದ್ದವು.

ಪುಟವೇ ಇಲ್ಲದವರು

ಪುಸ್ತಕದಲ್ಲಿ ತಪ್ಪಿದ್ದರೆ ತಿದ್ದಿಸಬಹುದು. ಪುಟವೇ ಇಲ್ಲದವರ ಗತಿಯೇನು? 1984ರ ಜುಲೈ 1ರ ನಂತರ ದಿನಗೂಲಿ ನೇಮಕ ಮಾಡಬಾರದೆಂಬ ಆದೇಶವಿದ್ದರೂ ಕರ್ನಾಟಕದ ಇಲಾಖೆಗಳಲ್ಲಿ ಅಂಥ ನೇಮಕಗಳು ನಡೆಯುತ್ತಲೇ ಇದ್ದವು. ಹಾಗೆ ಸೇರಿ ವರ್ಷಗಟ್ಟಲೆ ದುಡಿದವರು ಕಾಯಂ ಮಾಡಬೇಕೆಂದು ಕೋರ್ಟಿಗೆ ಹೋದರು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಉಮಾದೇವಿ ಪ್ರಕರಣವೆಂದು ದೇಶದಾದ್ಯಂತ ಪ್ರಸಿದ್ಧವಾಯಿತು. ನಿಯಮಬದ್ಧ ನೇಮಕವಿಲ್ಲದೆ ಎಷ್ಟು ವರ್ಷ ದುಡಿದರೂ ಕಾಯಮಾತಿ ಹಕ್ಕಲ್ಲ ಎಂಬುದು ಅದರ ಸಾರ. ಮಂಜೂರಾದ ಹುದ್ದೆಯಲ್ಲಿ, ಕೋರ್ಟಿನ ಆದೇಶದ ನೆರವಿಲ್ಲದೆ ಹತ್ತು ವರ್ಷ ಪೂರೈಸಿದ್ದ ಅರ್ಹರಿಗೆ ಮಾತ್ರ ಒಂದು ಸಲದ ಕ್ರಮವಾಗಿ ಅವಕಾಶ ಸಿಕ್ಕಿತು. ಆಗ ಆ ಹತ್ತು ವರ್ಷಗಳಿಗೆ ಪುರಾವೆ ಬೇಕಾಯಿತು. ಹಾಜರಿ ಪಟ್ಟಿ ಉಳಿದಿದ್ದವನಿಗೆ ಬದುಕು ಸಿಕ್ಕಿತು. ಪಟ್ಟಿ ಕಳೆದುಹೋಗಿದ್ದವನು ದುಡಿದೇ ಇರಲಿಲ್ಲವೆಂಬಂತಾಯಿತು.

ಇಂದಿಗೂ ಸರ್ಕಾರಿ ಶಾಲೆಗಳಲ್ಲಿ ಸಾವಿರಾರು ಅತಿಥಿ ಶಿಕ್ಷಕರಿದ್ದಾರೆ. ಪ್ರತಿ ಶೈಕ್ಷಣಿಕ ವರ್ಷಕ್ಕೆ ಹೊಸದಾಗಿ ಸೇರುವ ಇವರಿಗೆ ಸಂಬಳವಲ್ಲ, ಗೌರವಧನ. ಕಚೇರಿಗಳಲ್ಲಿ ಏಜೆನ್ಸಿಗಳ ಮೂಲಕ ಬಂದ ಹೊರಗುತ್ತಿಗೆಯವರಿದ್ದಾರೆ. ಇಂಥವರಲ್ಲಿ ಹಲವರು ಕಾಯಂ ನೌಕರರ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನೇ ಮಾಡುತ್ತಾರೆ. ಅವರ ಕೈಯಿಂದ ಎಲ್ಲರ ಸೇವಾ ವಹಿಯೂ ತುಂಬುತ್ತದೆ, ಅವರಿಗೆ ಮಾತ್ರ ಸೇವಾ ವಹಿ ಇಲ್ಲ.

ಕಡಲಾಚೆಯ ಪಾಠ

ಇದು ಕರ್ನಾಟಕದ ಸಮಸ್ಯೆ ಮಾತ್ರವಲ್ಲ. ನೈಜೀರಿಯಾ ದೇಶ 2007ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆಲ್ಲ ಒಂದೇ ಸಂಬಳ ವ್ಯವಸ್ಥೆಯನ್ನು ಆರಂಭಿಸಿತು. ಪಟ್ಟಿಯಲ್ಲಿದ್ದೂ ಇಲ್ಲದ ಸಾವಿರಾರು ಹುಸಿ ನೌಕರರನ್ನು ಅದು ಹೊರಹಾಕಿತು. ಆದರೆ ಅದೇ ಅಚ್ಚಿಗೆ ವಿಶ್ವವಿದ್ಯಾಲಯಗಳನ್ನೂ ತುರುಕಿದಾಗ ಅಧ್ಯಾಪಕರು ಪ್ರತಿಭಟಿಸಿದರು. 2020ರಲ್ಲಿ ಅವರು ನಡೆಸಿದ ದೀರ್ಘ ಮುಷ್ಕರದ ಕಾರಣಗಳಲ್ಲಿ ಇದೂ ಒಂದು. ಕೊನೆಗೆ 2023ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯಗಳನ್ನು ಅದರಿಂದ ಹೊರಗಿಡಲು ಅಲ್ಲಿನ ಸರ್ಕಾರ ತೀರ್ಮಾನಿಸಿತು.

ಭಟ್ಕಳ, ಮುರ್ಡೇಶ್ವರಗಳ ಮನೆಮನೆಗೂ ಪರಿಚಿತವಾದ ಕೊಲ್ಲಿ ದೇಶಗಳಲ್ಲಿ ಇನ್ನೊಂದು ಉದಾಹರಣೆಯಿದೆ. ಸಂಯುಕ್ತ ಅರಬ್ ಎಮಿರೇಟ್ಸ್ 2009ರಲ್ಲಿ, ಸೌದಿ ಅರೇಬಿಯಾ 2013ರಲ್ಲಿ ವೇತನ ರಕ್ಷಣಾ ವ್ಯವಸ್ಥೆ ಜಾರಿಗೆ ತಂದವು. ಮಾಲೀಕ ಸಂಬಳವನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. ಕೊಡದಿದ್ದರೆ ಸರ್ಕಾರದ ಕಂಪ್ಯೂಟರಿನಲ್ಲಿ ಅದು ಕಾಣುತ್ತದೆ. ಕಾರ್ಮಿಕನ ಎಲ್ಲ ಸಂಕಟಗಳೂ ಇದರಿಂದ ನೀಗಲಿಲ್ಲ. ಆದರೆ ಮಾಲೀಕನ ಬಾಯಿಮಾತಿನ ಎದುರು ಅವನ ಪಾಲಿಗೆ ಒಂದು ದಾಖಲೆ ಹುಟ್ಟಿತು.

ನೋಡುವ ಹಕ್ಕು

ಕಪ್ಪು ಕಡತದಿಂದ ಕ್ಲೌಡ್‌ವರೆಗಿನ ಈ ದಾರಿಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಪುಸ್ತಕ ಜಾಗ ಬದಲಿಸಿದಾಗಲೆಲ್ಲ ಅಧಿಕಾರವೂ ಜಾಗ ಬದಲಿಸಿದೆ. ಶ್ಯಾನುಭೋಗರ ಮನೆಯಿಂದ ಗುಮಾಸ್ತರ ಬೀರುವಿಗೆ, ಅಲ್ಲಿಂದ ಬೆಂಗಳೂರಿನ ಸರ್ವರಿಗೆ. ನೌಕರನಿಗೆ ಅದರಿಂದ ಲಾಭವಾದದ್ದು ಎರಡು ಷರತ್ತುಗಳು ಪೂರೈಸಿದಾಗ ಮಾತ್ರ: ನಿಯಮ ಎಲ್ಲರಿಗೂ ತಿಳಿದಿರಬೇಕು, ತನ್ನ ಪುಟವನ್ನು ತಾನು ಓದಿ ತಪ್ಪಿದ್ದರೆ ಹೇಳಲು ಆಗಬೇಕು.

ಈ ಎರಡನೆಯ ಹಕ್ಕು ಸುಲಭವಾಗಿ ಬಂದದ್ದಲ್ಲ. ಅಧಿಕಾರಿ ಬರೆಯುವ ವಾರ್ಷಿಕ ಗೋಪ್ಯ ವರದಿಯಲ್ಲಿ ಕೆಟ್ಟ ಮಾತಿದ್ದರೆ ಮಾತ್ರ ನೌಕರನಿಗೆ ತಿಳಿಸುವ ಪದ್ಧತಿಯಿತ್ತು. ಬಡ್ತಿಗೆ ಸಾಲದಷ್ಟು ಸಾಧಾರಣ ಅಭಿಪ್ರಾಯ ಬರೆದು ಸುಮ್ಮನಿದ್ದುಬಿಟ್ಟರೆ ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಒಳ್ಳೆಯದಿರಲಿ, ಕೆಟ್ಟದಿರಲಿ ಪ್ರತಿ ನಮೂದನ್ನೂ ನೌಕರನಿಗೆ ತಿಳಿಸಲೇಬೇಕೆಂದು ಸುಪ್ರೀಂ ಕೋರ್ಟ್ ದೇವ್ ದತ್ ಪ್ರಕರಣದಲ್ಲಿ ಹೇಳಿದ್ದು 2008ರಲ್ಲಿ. ಅದಕ್ಕೆ ಮೂರು ವರ್ಷ ಮೊದಲು ಮಾಹಿತಿ ಹಕ್ಕು ಕಾಯ್ದೆ ಬಂದಿತ್ತು.

ಈಗ ದಾಖಲೆಗಳೆಲ್ಲ ಡಿಜಿಟಲ್ ಆಗಿರುವಾಗ ಆ ಹಕ್ಕು ಇನ್ನಷ್ಟು ಗಟ್ಟಿಯಾಗಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ನೋಡುವ, ತಿದ್ದಿಸುವ ಹಕ್ಕನ್ನು ಕೊಡುತ್ತದೆ, ನಿಜ. ಆದರೆ ಆ ಹಕ್ಕು ಮುಖ್ಯವಾಗಿ ಸಮ್ಮತಿ ಪಡೆದು ಸಂಗ್ರಹಿಸಿದ ಮಾಹಿತಿಗೆ ಸಂಬಂಧಿಸಿದ್ದು. ಉದ್ಯೋಗದ ಉದ್ದೇಶಕ್ಕಾಗಿ ಮಾಲೀಕರು ಸಮ್ಮತಿಯಿಲ್ಲದೆಯೂ ಮಾಹಿತಿ ಬಳಸಬಹುದೆಂದು ಅದೇ ಕಾಯ್ದೆ ಹೇಳುತ್ತದೆ. ಅಂದರೆ ಅಂಗಡಿಯಲ್ಲಿ ಸಮ್ಮತಿಸಿ ಕೊಟ್ಟ ಫೋನ್ ಸಂಖ್ಯೆಯ ಬಗ್ಗೆ ಇರುವಷ್ಟು ಸ್ಪಷ್ಟ ಹಕ್ಕು, ತಾನು ದುಡಿಯುವ ಕಂಪನಿಯ ಕ್ಲೌಡಿನಲ್ಲಿ ತನ್ನ ಬಗ್ಗೆ ಬರೆದಿಟ್ಟ ಅಭಿಪ್ರಾಯದ ಮೇಲೆ ಒಬ್ಬ ಉದ್ಯೋಗಿಗೆ ಇಲ್ಲ.

ಶಾಸನಸಭೆಗಳೂ ನೌಕರರ ಸಂಘಗಳೂ ಮುಂದಿನ ವರ್ಷಗಳಲ್ಲಿ ಗಮನ ಕೊಡಬೇಕಾದ ವಿಷಯವಿದು. ತಂತ್ರಾಂಶದ ಆವೃತ್ತಿ ಯಾವುದು, ಸರ್ವರು ಎಲ್ಲಿದೆ ಎಂಬುದಕ್ಕಿಂತ ಸರಳವಾದ ಮೂರು ಪ್ರಶ್ನೆಗಳು ದೊಡ್ಡವು. ದುಡಿದವರಿಗೆಲ್ಲ ಒಂದು ಪುಟವಿದೆಯೇ? ಆ ಪುಟವನ್ನು ಅವರು ತಮ್ಮ ಭಾಷೆಯಲ್ಲಿ ಓದಬಲ್ಲರೇ? ತಪ್ಪಿದ್ದರೆ ತಿದ್ದಿಕೊಡಲು ಹತ್ತಿರದ ಊರಿನಲ್ಲಿ ಹೊಣೆ ಹೊತ್ತ ಒಬ್ಬ ಮನುಷ್ಯನಿದ್ದಾನೆಯೇ? ಭಟ್ಕಳದ ಕಚೇರಿಯ ಬೀರು ಖಾಲಿಯಾದರೂ ಆ ಮೂರನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದ ಮೇಜು ಮಾತ್ರ ಅಲ್ಲಿ ಉಳಿಯಲೇಬೇಕು.